ಇಲಿಯ ಲಿವರ್ ಹೇಳಿದ್ದು, ನಾವು ಕೇಳಿಸಿಕೊಂಡದ್ದು

ಉತ್ತರ ಅಮೆರಿಕದ ಹುಲ್ಲುಬಯಲಿನಲ್ಲಿ ಬಿಲ ತೋಡಿಕೊಂಡು ಬದುಕುವ ವುಡ್‌ಚಕ್ ಎಂಬ ದಢೂತಿ ಪ್ರಾಣಿಗೂ, ಮಳೆ ಬಿದ್ದೊಡನೆ ನಮ್ಮ ತೋಟದ ಬದುವಿನಲ್ಲಿ ತಲೆಯೆತ್ತುವ ಕಿರುನೆಲ್ಲಿಗೂ ನಂಟು ಬೆಳೆದದ್ದು ಕಾಮಾಲೆಯಿಂದಾಗಿ. ವುಡ್‌ಚಕ್ ಅಳಿಲಿನ ಕುಟುಂಬಕ್ಕೆ ಸೇರಿದ್ದು. ಫಿಲಡೆಲ್ಫಿಯಾ ಮೃಗಾಲಯದ ಪ್ರಯೋಗಾಲಯದಲ್ಲಿ ಸಾಕಿದ್ದ ಈ ಪ್ರಾಣಿಗಳು ಲಿವರ್ ಕ್ಯಾನ್ಸರಿನಿಂದ ಸಾಯುತ್ತಿದ್ದವು. ಕಾರಣ ಹುಡುಕಿದಾಗ, ಮನುಷ್ಯರ ಹೆಪಟೈಟಿಸ್ ಬಿ ವೈರಸ್ಸಿಗೆ ತೀರಾ ಹತ್ತಿರದ ಬಂಧುವೊಂದು ಅವುಗಳ ರಕ್ತದಲ್ಲಿರುವುದು 1978ರಲ್ಲಿ ಗೊತ್ತಾಯಿತು. ಹೆಪಟೈಟಿಸ್ ಬಿ ಇಲಿಗೆ ಅಂಟುವುದಿಲ್ಲ, ಮೊಲಕ್ಕೂ ಅಂಟುವುದಿಲ್ಲ. ಚಿಂಪಾಂಜಿಗೆ ಅಂಟುತ್ತದೆ, ಆದರೆ ಚಿಂಪಾಂಜಿಯನ್ನು ಪ್ರಯೋಗಕ್ಕೆ ತರುವುದು ಕಷ್ಟ, ತರಲು ಮನಸ್ಸೂ ಒಪ್ಪುವುದಿಲ್ಲ. ಹೀಗಾಗಿ ಹೆಪಟೈಟಿಸ್ ಬಿ ಸಂಶೋಧಕರಿಗೆ ವುಡ್‌ಚಕ್ ದೊಡ್ಡ ಆಸರೆಯಾಯಿತು.

ಅದೇ ಫಿಲಡೆಲ್ಫಿಯಾದಲ್ಲಿ ಬರೂಕ್ ಬ್ಲೂಂಬರ್ಗ್ ಇದ್ದರು. ಹೆಪಟೈಟಿಸ್ ಬಿ ವೈರಸ್ಸಿನ ಸುಳಿವು ಹಿಡಿದದ್ದಕ್ಕೆ 1976ರಲ್ಲಿ ನೊಬೆಲ್ ಪಡೆದವರು. ಭಾರತದಲ್ಲಿ ಕಾಮಾಲೆಗೆ ಕಿರುನೆಲ್ಲಿ ಕೊಡುವ ರೂಢಿ ಅವರ ತಂಡದ ಗಮನಕ್ಕೆ ಬಂದಿತ್ತು. ನೆಲನೆಲ್ಲಿ ಎಂದೂ ಕರೆಯುವ, ಎಲೆಯ ಅಡಿಗೆ ಸಾಲಾಗಿ ಪುಟ್ಟ ಕಾಯಿ ಬಿಡುವ ಈ ಗಿಡವನ್ನು ಬೇರುಸಮೇತ ಕಿತ್ತು, ತೊಳೆದು, ನುಣ್ಣಗೆ ಅರೆದು, ಹಾಲಿನಲ್ಲೋ ಮಜ್ಜಿಗೆಯಲ್ಲೋ ಕದಡಿ ಖಾಲಿ ಹೊಟ್ಟೆಗೆ ಕುಡಿಸುವುದು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದೆ. ಬ್ಲೂಂಬರ್ಗ್ ಮತ್ತು ಅವರ ತಂಡದ ವೆಂಕಟೇಶ್ವರನ್, ಮಿಲ್‌ಮನ್ ಗಿಡದ ನೀರಿನ ಸಾರವನ್ನು ವುಡ್‌ಚಕ್‌ಗಳ ಹೊಟ್ಟೆಯೊಳಕ್ಕೆ ಸೂಜಿಯಲ್ಲಿ ಕೊಟ್ಟು ನೋಡಿದರು. ಹೊಸದಾಗಿ ಸೋಂಕು ತಗುಲಿದ್ದ ನಾಲ್ಕು ಪ್ರಾಣಿಗಳ ಪೈಕಿ ಮೂರರಲ್ಲಿ ವೈರಸ್ಸಿನ ಗುರುತುಗಳು 3ರಿಂದ 6 ವಾರಗಳೊಳಗೆ ರಕ್ತದಿಂದ ಮಾಯವಾದವು. ಸಾರ ಕೊಡದೆ ಬಿಟ್ಟಿದ್ದ ಪ್ರಾಣಿಗಳಲ್ಲಿ ಗುರುತುಗಳು ಹಾಗೇ ಉಳಿದವು. ಇದು ಅಚ್ಚಾದದ್ದು 1987ರಲ್ಲಿ.

ಮರುವರ್ಷ ಮದ್ರಾಸಿನ ಎಸ್.ಪಿ. ತ್ಯಾಗರಾಜನ್ ಮತ್ತು ಸಂಗಡಿಗರು, ಬ್ಲೂಂಬರ್ಗ್ ಕೂಡ ಜೊತೆಗಿದ್ದು, ಮನುಷ್ಯರ ಮೇಲಿನ ಪರೀಕ್ಷೆಯ ಫಲವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೆಪಟೈಟಿಸ್ ಬಿ ವೈರಸ್ಸನ್ನು ಮೈಯಲ್ಲಿ ಹೊತ್ತಿದ್ದವರಿಗೆ ಕಿರುನೆಲ್ಲಿ ಪುಡಿಯನ್ನು ದಿನಕ್ಕೆ ಮೂರು ಬಾರಿ, ಸಲಕ್ಕೆ 200 ಮಿಲಿಗ್ರಾಂನಂತೆ 30 ದಿನ ಕೊಟ್ಟಿದ್ದರು. ಔಷಧಿ ಪಡೆದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಮೇಲ್ಮೈ ಗುರುತು ಹೋಗಿತ್ತು. ಹುಸಿಗುಳಿಗೆ ಪಡೆದ 23 ಮಂದಿಯಲ್ಲಿ ಹೋದದ್ದು ಒಬ್ಬರಿಗೆ ಮಾತ್ರ. ದುಬಾರಿ ಇಂಟರ್‌ಫೆರಾನ್ ಚುಚ್ಚುಮದ್ದಿಗೂ ಸುಲಭಕ್ಕೆ ಜಗ್ಗದ ವೈರಸ್ಸು ಬೇಲಿಬದಿಯ ಗಿಡಕ್ಕೆ ಮಣಿಯಿತೆಂದರೆ ಯಾರಿಗೆ ಸಂತೋಷವಾಗದು? ಹಲವು ದೇಶಗಳ ವೈದ್ಯರು ಅದೇ ಪರೀಕ್ಷೆ ಮಾಡಿ ನೋಡಲು ಮುಂದಾದರು.

1990ರಲ್ಲಿ ಥಾಯ್ಲೆಂಡಿನಿಂದ ಬಂದ ವರದಿ ನಿರಾಶೆಯದು. ಅಲ್ಲಿನ ರೋಗಿಗಳಲ್ಲಿ ಗಿಡ ಕೆಲಸ ಮಾಡಲಿಲ್ಲ. 2011ರಲ್ಲಿ ಕಾಕ್ರೇನ್ ಸಂಸ್ಥೆ ಅಷ್ಟೂ ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿ, ದೀರ್ಘಕಾಲದ ಹೆಪಟೈಟಿಸ್ ಬಿ ರೋಗಿಗಳಿಗೆ ಕಿರುನೆಲ್ಲಿ ಹುಸಿಗುಳಿಗೆಗಿಂತ ಹೆಚ್ಚು ಉಪಕಾರ ಮಾಡುತ್ತದೆ ಎನ್ನಲು ನಂಬಬಹುದಾದ ಪುರಾವೆ ಇಲ್ಲ ಎಂದಿತು.

ಹಾಗಾದರೆ ವುಡ್‌ಚಕ್ ಸುಳ್ಳು ಹೇಳಿತೇ? ಪ್ರಾಣಿ ಸುಳ್ಳು ಹೇಳುವುದಿಲ್ಲ. ಅದನ್ನು ಕೇಳಿದ ಪ್ರಶ್ನೆ ಇಷ್ಟು: ಸೋಂಕು ಹೊಸದಾಗಿದ್ದಾಗ, ಸಾರವನ್ನು ಚುಚ್ಚಿ ಕೊಟ್ಟರೆ, ಈ ವೈರಸ್ಸು ಹೋಗುತ್ತದೆಯೇ? ನಾವು ಓದಿಕೊಂಡ ಉತ್ತರ ಬೇರೆಯೇ ಪ್ರಶ್ನೆಗೆ: ವರ್ಷಗಟ್ಟಲೆ ವೈರಸ್ ಹೊತ್ತ ಮನುಷ್ಯ ಬಾಯಿಯ ಮೂಲಕ ಪುಡಿ ನುಂಗಿದರೆ ಗುಣವಾಗುತ್ತದೆಯೇ? ಈ ಎರಡು ಪ್ರಶ್ನೆಗಳ ನಡುವೆ ಜಠರವಿದೆ, ಕರುಳಿದೆ, ವರ್ಷಗಳ ಕಾಯಿಲೆಯಿದೆ, ಇನ್ನೊಂದು ಜೀವಿಯ ದೇಹವೇ ಇದೆ. ಔಷಧಿ ಗಿಡಗಳನ್ನು ಪ್ರಾಣಿಗಳ ಲಿವರ್, ಕಿಡ್ನಿಗಳ ಮೇಲೆ ಪರೀಕ್ಷಿಸುವ ಕೆಲಸ ನಮ್ಮ ದೇಶದಲ್ಲಿ ದಶಕಗಳಿಂದ ನಡೆದಿದೆ. ಅದರಿಂದ ನಮಗೆ ದಕ್ಕಿದ್ದು ಕಡಿಮೆ ಎನ್ನುವುದಾದರೆ, ತಪ್ಪು ಬಹುಪಾಲು ಈ ನಡುವಿನ ದಾರಿಯನ್ನು ಹಾರಿ ದಾಟುವ ನಮ್ಮ ಅವಸರದ್ದು.

ಗಿಡದ ಗುರುತೇ ಮೊದಲ ತೊಡಕು. ಹಳೆಯ ಪ್ರಬಂಧಗಳಲ್ಲಿ ಬರೆದ ಫಿಲಾಂಥಸ್ ನಿರೂರಿ ಎಂಬ ಹೆಸರು ಅಮೆರಿಕದ ಜಾತಿಯೊಂದರದು. ನಮ್ಮಲ್ಲಿ ಕಿರುನೆಲ್ಲಿಯೆಂದು ಹೆಚ್ಚಾಗಿ ಬಳಕೆಯಾಗುವುದು ಫಿಲಾಂಥಸ್ ಅಮರಸ್. ಅದರ ದಾಯಾದಿಗಳು ಹಲವಿದ್ದು, ಒಣಗಿದ ಮೇಲೆ ಪಳಗಿದ ಕಣ್ಣಿಗೂ ಬೇರ್ಪಡಿಸುವುದು ಕಷ್ಟ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ದಕ್ಷಿಣ ಭಾರತದ ಗ್ರಂಥಿಗೆ ಅಂಗಡಿಗಳಿಂದ ಕಿರುನೆಲ್ಲಿಯನ್ನು ಕೊಂಡು ತಂದು ಡಿಎನ್‌ಎ ಪರೀಕ್ಷೆ ಮಾಡಿದ್ದು 2010ರಲ್ಲಿ ಪ್ರಕಟವಾಯಿತು. ಸುಮಾರು ಮುಕ್ಕಾಲು ಪಾಲು ಅಂಗಡಿಗಳ ಸರಕು ಬಹುತೇಕ ಅಮರಸ್ ಆಗಿತ್ತು. ಉಳಿದ ಕಾಲುಭಾಗದಲ್ಲಿ ಅದೇ ಕುಲದ ಬೇರೆ ಐದು ಜಾತಿಗಳು ಸಿಕ್ಕವು. ಗಿಡ ಯಾವುದೆಂದೇ ಖಚಿತವಿಲ್ಲದೆ ಒಂದು ಊರಿನ ಇಲಿಯ ಫಲವನ್ನು ಇನ್ನೊಂದು ಊರಿನ ರೋಗಿಯ ಫಲದೊಂದಿಗೆ ಹೋಲಿಸುವುದು ಹೇಗೆ?

ಆರು ಇಲಿಗಳ ಪ್ರಬಂಧ

ಬೆಂಗಳೂರು, ಮಂಗಳೂರು, ಬೆಳಗಾವಿ, ಕಲಬುರಗಿ, ಯಾವ ಊರಿನ ಫಾರ್ಮಸಿ ಕಾಲೇಜಿಗೆ ಹೋದರೂ ಎಂ.ಫಾರ್ಮ್ ಪ್ರಬಂಧಗಳ ಕಪಾಟಿನಲ್ಲಿ ಒಂದು ಬಗೆಯ ಶೀರ್ಷಿಕೆ ಎದುರಾಗುತ್ತದೆ: ಇಂಥ ಗಿಡದ ಎಲೆಯ ಆಲ್ಕೊಹಾಲ್ ಸಾರ ಪ್ಯಾರಾಸಿಟಮಾಲ್‌ನಿಂದ ಕೆಟ್ಟ ಇಲಿಯ ಲಿವರನ್ನು ಕಾಪಾಡುತ್ತದೆಯೇ? ಪ್ಯಾರಾಸಿಟಮಾಲ್ ಬದಲು ಕಾರ್ಬನ್ ಟೆಟ್ರಾಕ್ಲೋರೈಡ್ ಇರಬಹುದು, ಕ್ಷಯದ ಮಾತ್ರೆಗಳಾದ ಐಸೊನಿಯಾಜಿಡ್, ರಿಫಾಂಪಿಸಿನ್ ಇರಬಹುದು. ವಿಧಾನ ಹೆಚ್ಚು ಬದಲಾಗುವುದಿಲ್ಲ.

ಪ್ರಯೋಗಕ್ಕೆ ಬರುವುದು ಹೆಚ್ಚಾಗಿ ಬಿಳಿಯ ವಿಸ್ಟಾರ್ ಇಲಿಗಳು. ಈ ತಳಿ ಹುಟ್ಟಿದ್ದೂ ಫಿಲಡೆಲ್ಫಿಯಾದಲ್ಲೇ, 1906ರಲ್ಲಿ, ವಿಸ್ಟಾರ್ ಎಂಬ ಸಂಸ್ಥೆಯಲ್ಲಿ. ಭತ್ತದ ಹೊಟ್ಟು ಹಾಸಿದ ಪಂಜರ, ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲು. ಆರಾರು ಇಲಿಗಳ ಐದು ಗುಂಪು. ಒಂದಕ್ಕೆ ಏನೂ ಇಲ್ಲ. ಒಂದಕ್ಕೆ ವಿಷ ಮಾತ್ರ. ಒಂದಕ್ಕೆ ವಿಷದೊಂದಿಗೆ ಸಿಲಿಮರಿನ್. ಯುರೋಪಿನ ಮುಳ್ಳುಗಿಡವೊಂದರ ಬೀಜದಿಂದ ತೆಗೆದ ಈ ಔಷಧಿ ಇಂಥ ಪ್ರಯೋಗಗಳಲ್ಲಿ ಅಳತೆಗೋಲು. ಇನ್ನೆರಡಕ್ಕೆ ವಿಷದೊಂದಿಗೆ ಗಿಡದ ಸಾರ, ಕೆ.ಜಿ. ತೂಕಕ್ಕೆ 200 ಮತ್ತು 400 ಮಿಲಿಗ್ರಾಂ. ತುದಿ ಮೊಂಡಾದ ಉಕ್ಕಿನ ನಳಿಕೆಯನ್ನು ಬಾಯಿಯ ಮೂಲಕ ಹೊಟ್ಟೆಗಿಳಿಸಿ ದಿನವೂ ಸಾರ ಹಾಕುತ್ತಾರೆ. ಇಲಿಗೆ ವಾಂತಿ ಮಾಡಲು ಬಾರದು; ಎಷ್ಟು ಕಹಿಯಾದರೂ ಹಾಕಿದ್ದು ಒಳಗೇ ಉಳಿಯುತ್ತದೆ. ಒಂದೆರಡು ವಾರದ ಬಳಿಕ ಅರಿವಳಿಕೆ ಕೊಟ್ಟು ಕಣ್ಣಿನ ಹಿಂಬದಿಯ ರಕ್ತನಾಳದಿಂದ ರಕ್ತ ತೆಗೆಯುತ್ತಾರೆ. ಆಮೇಲೆ ಇಲಿಯನ್ನು ಕೊಂದು ಲಿವರ್ ತೆಗೆದು, ತೂಗಿ, ಫಾರ್ಮಾಲಿನ್‌ನಲ್ಲಿಟ್ಟು, ಮೇಣದಲ್ಲಿ ಹುದುಗಿಸಿ, ತೆಳ್ಳಗೆ ಸೀಳಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ನೋಡುತ್ತಾರೆ.

ರಕ್ತದಲ್ಲಿ ಅಳೆಯುವುದು ಎಸ್‌ಜಿಪಿಟಿ, ಎಸ್‌ಜಿಒಟಿ, ಬಿಲಿರುಬಿನ್ ಇತ್ಯಾದಿ. ನಮ್ಮ ರಕ್ತಪರೀಕ್ಷೆಯ ಚೀಟಿಯಲ್ಲಿ ಬರುವ ಹೆಸರುಗಳೇ. ಎಸ್‌ಜಿಪಿಟಿ ಲಿವರ್ ಜೀವಕೋಶದ ಒಳಗಿರಬೇಕಾದ ಕಿಣ್ವ. ಜೀವಕೋಶ ಒಡೆದಾಗ ಅದು ರಕ್ತಕ್ಕೆ ಸೋರುತ್ತದೆ. ವಿಷ ಮಾತ್ರ ಕೊಟ್ಟ ಗುಂಪಿನಲ್ಲಿ ಅದು ಏರಿ, ಸಾರ ಕೊಟ್ಟ ಗುಂಪಿನಲ್ಲಿ ಅಷ್ಟು ಏರದಿದ್ದರೆ ಗಿಡ ‘ಯಕೃತ್ ರಕ್ಷಕ’ ಎನಿಸಿಕೊಳ್ಳುತ್ತದೆ. ಸಿಲಿಮರಿನ್‌ಗೆ ಸಮನಾದ ಫಲ ಎಂಬ ಸಾಲಿನೊಂದಿಗೆ ಪ್ರಬಂಧ ಮುಗಿಯುತ್ತದೆ. ಗಿಡ ಫಲ ಕೊಡಲಿಲ್ಲ ಎನ್ನುವ ಪ್ರಬಂಧ ಕಣ್ಣಿಗೆ ಬೀಳುವುದು ಅಪರೂಪ.

ಈ ಪ್ರಯೋಗಗಳಲ್ಲಿ ದುಡಿಯುವ ವಿದ್ಯಾರ್ಥಿಗಳ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ರಜೆಯ ದಿನವೂ ಪ್ರಾಣಿಮನೆಗೆ ಹೋಗಿ ತೂಕ ನೋಡಿ ಡೋಸ್ ಹಾಕಿ ಬರುವವರು ಅವರು. ಅವರ ಕೈಗೆ ಬರುವ ಮಾದರಿಯಲ್ಲೇ ಇರುವ ದೋಷವನ್ನು ಹೇಳಬೇಕಾದವರು ಹಿರಿಯರು, ಹೇಳುತ್ತಿಲ್ಲ ಎನ್ನುವುದು ನನ್ನ ತಕರಾರು.

ಪ್ಯಾರಾಸಿಟಮಾಲ್‌ನ ಮಾತನ್ನೇ ತೆಗೆದುಕೊಳ್ಳಿ. ನಾವು ಜ್ವರಕ್ಕೆ ನುಂಗಿದ ಮಾತ್ರೆಯ ಬಹುಪಾಲನ್ನು ಲಿವರ್ ತೊಂದರೆಯಿಲ್ಲದ ರೂಪಕ್ಕೆ ತಿರುಗಿಸಿ ಹೊರಗೆ ಕಳಿಸುತ್ತದೆ. ಸಣ್ಣ ಪಾಲು ಮಾತ್ರ ಲಿವರ್‌ನ ಕಿಣ್ವಗಳಿಗೆ ಸಿಕ್ಕಿ ವಿಷವಾಗುತ್ತದೆ. ಆ ವಿಷವನ್ನು ಗ್ಲುಟಾಥಯೋನ್ ಎಂಬ ವಸ್ತು ಹಿಡಿದು ನಿರುಪದ್ರವಿ ಮಾಡುತ್ತದೆ. ಮಿತಿಮೀರಿ ನುಂಗಿದರೆ ಗ್ಲುಟಾಥಯೋನ್ ಬರಿದಾಗುತ್ತದೆ, ವಿಷ ಜೀವಕೋಶಗಳನ್ನೇ ಸುಡುತ್ತದೆ. ಇದು ತಿಳಿದದ್ದು 1970ರ ದಶಕದ ಆರಂಭದಲ್ಲಿ, ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಚಿಕ್ಕ ಇಲಿಗಳ, ಅಂದರೆ ಮೈಸ್‌ಗಳ, ಮೇಲೆ ನಡೆದ ಕೆಲಸದಿಂದ. ಗ್ಲುಟಾಥಯೋನನ್ನು ಮತ್ತೆ ತುಂಬಿಕೊಟ್ಟರೆ ಜೀವ ಉಳಿಯಬಹುದಲ್ಲ ಎಂಬ ಯೋಚನೆ ಅದರಿಂದ ಹುಟ್ಟಿತು. ಅದೇ ದಶಕದ ಕೊನೆಯ ಹೊತ್ತಿಗೆ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ ಆಸ್ಪತ್ರೆಗಳಿಗೆ ಬಂತು. ಪ್ಯಾರಾಸಿಟಮಾಲ್ ಅತಿಯಾಗಿ ನುಂಗಿದವರಿಗೆ ಎಂಟು ಗಂಟೆಯೊಳಗೆ ಇದನ್ನು ಕೊಟ್ಟರೆ ಬಹುತೇಕ ಎಲ್ಲರ ಲಿವರೂ ಉಳಿಯುತ್ತದೆ. ಪ್ರಾಣಿ ಪ್ರಯೋಗದಿಂದ ಮನುಷ್ಯನಿಗೆ ಇಷ್ಟು ನೇರವಾಗಿ ಉಪಕಾರವಾದ ಉದಾಹರಣೆಗಳು ಹೆಚ್ಚಿಲ್ಲ.

ಆ ಕೆಲಸ ನಡೆದದ್ದು ಮೈಸ್‌ಗಳಲ್ಲಿ. ದೊಡ್ಡ ಇಲಿ, ಅಂದರೆ ರ‍್ಯಾಟ್, ಈ ವಿಷಕ್ಕೆ ಅಷ್ಟು ಸುಲಭವಾಗಿ ಬಲಿಯಾಗುವುದಿಲ್ಲ. ಮನುಷ್ಯನಲ್ಲಿ ಕೆ.ಜಿ. ತೂಕಕ್ಕೆ ಸುಮಾರು 150 ಮಿಲಿಗ್ರಾಂ ಒಟ್ಟಿಗೆ ಹೋದರೆ ಅಪಾಯ. ರ‍್ಯಾಟ್‌ಗಳಿಗೆ ನಮ್ಮ ಪ್ರಬಂಧಗಳಲ್ಲಿ ಕೊಡುವುದು 2 ಗ್ರಾಂ, ಕೆಲವೊಮ್ಮೆ 3 ಗ್ರಾಂ. 60 ಕೆ.ಜಿ. ತೂಗುವವರ ಲೆಕ್ಕಕ್ಕೆ 2 ಗ್ರಾಂ ಎಂದರೆ 500 ಮಿಲಿಗ್ರಾಂನ 240 ಮಾತ್ರೆ. ಇಷ್ಟು ಸುರಿದರೂ ರ‍್ಯಾಟ್‌ನ ಲಿವರ್‌ಗೆ ಆಗುವ ಪೆಟ್ಟು ಮನುಷ್ಯನಿಗೆ ಆಗುವಷ್ಟು ಆಳದ್ದಲ್ಲ. ಇದು ಗೊತ್ತಿದ್ದೂ ರ‍್ಯಾಟನ್ನೇ ಬಳಸುತ್ತಾ ಬಂದಿರುವುದಕ್ಕೆ ರೂಢಿಯ ಹೊರತು ಒಳ್ಳೆಯ ಕಾರಣ ನನಗೆ ಕಾಣುವುದಿಲ್ಲ.

ಇದಕ್ಕಿಂತ ದೊಡ್ಡ ಎಡವಟ್ಟು ಕೊಡುವ ಕ್ರಮದಲ್ಲಿದೆ. ಸಾರವನ್ನು ಮೊದಲು ವಾರಗಟ್ಟಲೆ ಕೊಟ್ಟು ಆಮೇಲೆ ವಿಷ ಹಾಕುತ್ತಾರೆ. ಪ್ಯಾರಾಸಿಟಮಾಲ್ ಆಗಲಿ, ಕಾರ್ಬನ್ ಟೆಟ್ರಾಕ್ಲೋರೈಡ್ ಆಗಲಿ ತಾವಾಗಿಯೇ ಹೆಚ್ಚು ಕೇಡು ಮಾಡುವುದಿಲ್ಲ; ಲಿವರ್‌ನ ಒಂದು ಕಿಣ್ವ ಅವನ್ನು ವಿಷವಾಗಿ ತಿರುಗಿಸಿದಾಗಲೇ ಕೇಡು. ಗಿಡದ ಸಾರದಲ್ಲಿ ಆ ಕಿಣ್ವವನ್ನು ತಡೆಯುವ ಏನಾದರೂ ಇದ್ದರೆ ವಿಷ ಹುಟ್ಟುವುದೇ ಇಲ್ಲ. ಆಗ ಲಿವರ್ ಚೆನ್ನಾಗಿರುತ್ತದೆ, ಎಸ್‌ಜಿಪಿಟಿ ಏರುವುದಿಲ್ಲ, ಗಿಡ ಲಿವರನ್ನು ಕಾಪಾಡಿತು ಎಂದು ಬರೆದುಕೊಳ್ಳುತ್ತೇವೆ. ಸಾರ ಕರಗಿಸಲು ಬಳಸುವ ಡಿಎಂಎಸ್‌ಒ ಎಂಬ ದ್ರಾವಕವೊಂದೇ ಈ ಕಿಣ್ವವನ್ನು ತಡೆದು ಲಿವರನ್ನು ರಕ್ಷಿಸಬಲ್ಲದು. ಹಾರ್ಟ್‌ಮುಟ್ ಯೇಶ್ಕೆ ಎಂಬ ವಿಷಶಾಸ್ತ್ರಜ್ಞ ಇದನ್ನು ವರ್ಷಗಳಿಂದ ಬರೆಯುತ್ತಾ ಬಂದಿದ್ದಾರೆ. ಕಣ್ಣು ಹಳದಿಯಾದ ಮೇಲೆ ಆಸ್ಪತ್ರೆಗೆ ಬರುವ ರೋಗಿಗೆ ಈ ಬಗೆಯ ರಕ್ಷಣೆಯಿಂದ ಏನು ಪ್ರಯೋಜನ? ಅವರ ಲಿವರ್ ಆಗಲೇ ಕೆಟ್ಟಿರುತ್ತದೆ. ಪೆಟ್ಟು ಬಿದ್ದ ಎಷ್ಟು ಗಂಟೆಯ ನಂತರವೂ ಗಿಡ ಉಪಯೋಗಕ್ಕೆ ಬರುತ್ತದೆ ಎಂದು ಪರೀಕ್ಷಿಸಿದ ಪ್ರಬಂಧಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಡೋಸಿನ ಲೆಕ್ಕವೂ ಇದೆ. ಇಲಿಯ ಡೋಸನ್ನು ಮನುಷ್ಯನಿಗೆ ಹೊಂದಿಸುವಾಗ ಮೈಯ ಮೇಲ್ಮೈ ವಿಸ್ತಾರವನ್ನು ಆಧರಿಸಿ 6.2ರಿಂದ ಭಾಗಿಸುತ್ತಾರೆ. ಕೆ.ಜಿ.ಗೆ 400 ಮಿಲಿಗ್ರಾಂ ಇಲಿಗೆ ಫಲ ಕೊಟ್ಟಿದ್ದರೆ, 60 ಕೆ.ಜಿ. ಮನುಷ್ಯನಿಗೆ ಅದು ದಿನಕ್ಕೆ ಸುಮಾರು 3.9 ಗ್ರಾಂ ಗಟ್ಟಿ ಸಾರ. ಒಣಗಿದ ಗಿಡದಿಂದ ಹತ್ತಕ್ಕೊಂದು ಪಾಲು ಸಾರ ಸಿಗುವುದಾದರೆ ದಿನಕ್ಕೆ 39 ಗ್ರಾಂ ಒಣಗಿಡ. ಈ ಲೆಕ್ಕ ಹಾಕಿಕೊಂಡು ಅಂಗಡಿಯ ಕ್ಯಾಪ್ಸೂಲಿನ ಹಿಂದಿನ ಸಣ್ಣಕ್ಷರವನ್ನು ಓದಿದರೆ, ಪೊಟ್ಟಣದ ಮೇಲಿನ ‘ಸಂಶೋಧನೆಯಿಂದ ಸಾಬೀತಾಗಿದೆ’ ಎಂಬ ಮಾತು ಆ ಪ್ರಮಾಣಕ್ಕೆ ಸಲ್ಲುತ್ತದೆಯೇ ಎಂದು ಯಾರಾದರೂ ನೋಡಿಕೊಳ್ಳಬಹುದು. ಇನ್ನೊಂದು ಸಂಗತಿ: ರ‍್ಯಾಟ್‌ಗೆ ಪಿತ್ತಕೋಶವೇ ಇಲ್ಲ. ಪಿತ್ತರಸ ಲಿವರ್‌ನಿಂದ ನೇರ ಕರುಳಿಗೆ ಹರಿಯುತ್ತದೆ. ಪಿತ್ತಕೋಶದ ಕಲ್ಲು ನಾಳಕ್ಕೆ ಅಡ್ಡ ಸಿಕ್ಕಿ ಬರುವ ಕಾಮಾಲೆಯ ಬಗ್ಗೆ ಅದು ನಮಗೆ ಏನನ್ನೂ ಹೇಳಲಾರದು.

ಗಿಡ ಕುಡಿದವರು ಗುಣವಾಗುತ್ತಾರಲ್ಲ ಎಂದು ಕೇಳುವವರಿದ್ದಾರೆ, ಅದು ನ್ಯಾಯವಾದ ಪ್ರಶ್ನೆ. ನೀರು, ಆಹಾರದಿಂದ ಬರುವ ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳು ನಮ್ಮಲ್ಲಿ ಕಾಮಾಲೆಗೆ ಮುಖ್ಯ ಕಾರಣ. ಇವೆರಡೂ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ವಾಸಿಯಾಗುತ್ತವೆ. ನಾಟಿ ವೈದ್ಯರ ಬಳಿ ಹೋದವರೂ ಗುಣವಾಗುತ್ತಾರೆ, ಮನೆಯಲ್ಲೇ ವಿಶ್ರಾಂತಿ ಪಡೆದವರೂ ಗುಣವಾಗುತ್ತಾರೆ. ಕಿರುನೆಲ್ಲಿ ಒಂದು ವಾರ ಬೇಗ ಗುಣಪಡಿಸುತ್ತದೆಯೇ ಎಂಬುದನ್ನು ಎರಡು ಗುಂಪು ಮಾಡಿ ಹೋಲಿಸದೆ ತಿಳಿಯುವ ದಾರಿಯಿಲ್ಲ. ಗರ್ಭಿಣಿಯರಲ್ಲಿ ಹೆಪಟೈಟಿಸ್ ಇ ಪ್ರಾಣಕ್ಕೇ ಎರವಾಗಬಹುದು. ಅಲ್ಲಿ ಪಥ್ಯ, ಕಷಾಯ ಎಂದು ದಿನ ಕಳೆಯುವಂತಿಲ್ಲ.

ಇಲಿಗೆ ಒಳ್ಳೆಯದು, ಕೆಲವರಿಗೆ ಕೆಟ್ಟದ್ದು

ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಮನೆಮನೆಯ ಕಷಾಯವಾಯಿತು. ಕಾಂಪೌಂಡಿನ ಬೇವಿನ ಮರಕ್ಕೆ ಹಬ್ಬಿದ ಬಳ್ಳಿಯನ್ನು ಜನ ತುಂಡು ತುಂಡಾಗಿ ಕೊಯ್ದು ಒಯ್ದರು. ಇಲಿಗಳಿಗೆ ಕಾರ್ಬನ್ ಟೆಟ್ರಾಕ್ಲೋರೈಡ್ ಕೊಟ್ಟಾಗ ಅಮೃತಬಳ್ಳಿ ಲಿವರನ್ನು ಕಾಪಾಡಿತು ಎಂಬ ಪ್ರಬಂಧ 2002ರಲ್ಲೇ ಬಂದಿತ್ತು. 2021ರಲ್ಲಿ ಮುಂಬೈಯ ಲಿವರ್ ತಜ್ಞರು, ಅಮೃತಬಳ್ಳಿ ಸೇವಿಸಿದ ಬಳಿಕ ಲಿವರ್ ಊದಿಕೊಂಡು ಬಂದ ಆರು ರೋಗಿಗಳ ವಿವರ ಪ್ರಕಟಿಸಿದರು. ಮರುವರ್ಷ ದೇಶದ 13 ಆಸ್ಪತ್ರೆಗಳಿಂದ ಇಂಥ 43 ರೋಗಿಗಳ ವಿವರ ಬಂತು. ಹಲವರಲ್ಲಿ ಕಂಡದ್ದು ದೇಹದ ರೋಗನಿರೋಧಕ ವ್ಯವಸ್ಥೆಯೇ ತನ್ನ ಲಿವರಿನ ಮೇಲೆ ತಿರುಗಿಬೀಳುವ ಬಗೆಯ ಕಾಯಿಲೆ. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿಯನ್ನೇ ಹೋಲುವ ಇನ್ನೊಂದು ಬಳ್ಳಿಯನ್ನು ಜನ ತಪ್ಪಾಗಿ ಸೇವಿಸಿರಬಹುದು, ಮಾದರಿಯನ್ನು ಸರಿಯಾಗಿ ಗುರುತಿಸಬೇಕು ಎಂದಿತು. ಗುರುತಿನ ಪ್ರಶ್ನೆ ಎತ್ತಿದ್ದು ಸರಿಯೇ. ಆದರೆ ಇಲಿಯಲ್ಲಿ ಸುರಕ್ಷಿತ ಎಂಬ ವಾದವನ್ನು ಇಲ್ಲಿ ಮುಂದಿಡುವವರು ಒಂದು ಸಂಗತಿ ಮರೆಯುತ್ತಾರೆ. ಸಾವಿರಕ್ಕೊಬ್ಬರಿಗೆ ಆಗುವ ತೊಂದರೆ ಆರು ಇಲಿಗಳ ಗುಂಪಿನಲ್ಲಿ ಕಾಣಿಸುವ ಸಾಧ್ಯತೆ ನೂರಕ್ಕೆ ಒಂದೂ ಇಲ್ಲ. ಒಂದೇ ತಳಿಯ, ಒಂದೇ ವಯಸ್ಸಿನ, ಒಂದೇ ಆಹಾರ ತಿಂದು ಬೆಳೆದ ಆರೋಗ್ಯವಂತ ಇಲಿಗಳು, ಥೈರಾಯ್ಡ್ ಮಾತ್ರೆ ನುಂಗುತ್ತಾ ಡಯಾಬಿಟಿಸ್ ಜೊತೆ ಬದುಕುವ ಐವತ್ತರ ಹೆಂಗಸಿನ ದೇಹಕ್ಕೆ ಸಾಕ್ಷಿ ಹೇಳಲಾರವು.

ಇಲಿ ಎಚ್ಚರಿಸಿದ್ದನ್ನು ನಾವು ಕೇಳಿಸಿಕೊಳ್ಳದೆ ಹೋದ ಪ್ರಸಂಗವೂ ಇದೆ, ಅದು ನನ್ನನ್ನು ಹೆಚ್ಚು ಕಾಡುತ್ತದೆ. ಈಶ್ವರಿ ಬಳ್ಳಿಯ ಕುಲದ ಗಿಡಗಳಲ್ಲಿ ಅರಿಸ್ಟೊಲೋಕಿಕ್ ಆಮ್ಲವಿದೆ. ಮೂರು ತಿಂಗಳು ಅದನ್ನು ತಿನ್ನಿಸಿದ ಇಲಿಗಳಿಗೆ ಹೊಟ್ಟೆಯಲ್ಲಿ, ಕಿಡ್ನಿಯಲ್ಲಿ, ಮೂತ್ರಕೋಶದಲ್ಲಿ ಗಡ್ಡೆಗಳೆದ್ದವು ಎಂದು ಜರ್ಮನಿಯ ಸಂಶೋಧಕರು 1982ರಲ್ಲಿ ಬರೆದರು. ಜರ್ಮನಿ ಆ ಔಷಧಿಗಳನ್ನು ಮಾರುಕಟ್ಟೆಯಿಂದ ತೆಗೆಯಿತು. ಸುಮಾರು ಹತ್ತು ವರ್ಷದ ಬಳಿಕ ಪಕ್ಕದ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಚಿಕಿತ್ಸೆಗೆ ಹೋದ ಹೆಂಗಸರು ಕಿಡ್ನಿ ಕಳೆದುಕೊಳ್ಳತೊಡಗಿದರು. ಅವರಿಗೆ ಕೊಟ್ಟ ಚೀನೀ ಗಿಡಮೂಲಿಕೆಯ ಮಾತ್ರೆಯಲ್ಲಿ ಒಂದು ಬೇರಿನ ಬದಲು ಅರಿಸ್ಟೊಲೋಕಿಯಾದ ಬೇರು ಸೇರಿಹೋಗಿತ್ತು; ಎರಡರ ಚೀನೀ ಹೆಸರೂ ಹೋಲುತ್ತಿದ್ದವು. ವರದಿ ಅಚ್ಚಾದದ್ದು 1993ರಲ್ಲಿ. ಹೀಗೆ ಕಿಡ್ನಿ ಹೋದವರ ಸಂಖ್ಯೆ ನೂರರ ಆಸುಪಾಸಿಗೆ ಏರಿತು. ಮುಂಜಾಗ್ರತೆಯಾಗಿ ಕೆಟ್ಟ ಕಿಡ್ನಿ, ಮೂತ್ರನಾಳಗಳನ್ನು ತೆಗೆಸಿಕೊಂಡ 39 ಮಂದಿಯಲ್ಲಿ 18 ಮಂದಿಗೆ ಆ ಭಾಗದಲ್ಲಿ ಕ್ಯಾನ್ಸರ್ ಆಗಲೇ ಇತ್ತು. ಇಲಿಗಳು ಸತ್ತು ತಿಳಿಸಿದ್ದ ಸತ್ಯ ಹತ್ತು ವರ್ಷ ಗ್ರಂಥಾಲಯದಲ್ಲಿತ್ತು. ಈಶ್ವರಿ ಬಳ್ಳಿ ನಮ್ಮ ನಾಟಿ ಔಷಧಿಗಳಲ್ಲೂ ಇದೆ. ಹಾವಿನ ವಿಷಕ್ಕೆ, ಜ್ವರಕ್ಕೆ ಎಂದು ಬೇರು ತೇಯ್ದು ಕೊಡುವವರಿದ್ದಾರೆ. ಅವರಲ್ಲಿ ಎಷ್ಟೋ ಜನರಿಗೆ ಬ್ರಸೆಲ್ಸಿನ ಸುದ್ದಿ ತಲುಪಿಸಿದವರಿಲ್ಲ, ತಲುಪಿಸಬೇಕಿತ್ತು.

ರಾಸಾಯನಿಕ ಔಷಧಿಯ ಕತೆಯೂ ಇದಕ್ಕಿಂತ ಭಿನ್ನವಲ್ಲ. 1993ರಲ್ಲಿ ಅಮೆರಿಕದಲ್ಲಿ ಫಿಯಾಲುರಿಡಿನ್ ಎಂಬ ಹೊಸ ಔಷಧಿಯನ್ನು 15 ಮಂದಿ ಹೆಪಟೈಟಿಸ್ ಬಿ ರೋಗಿಗಳಿಗೆ ಕೊಟ್ಟರು. ಪ್ರಾಣಿಗಳಲ್ಲಿ ಪರೀಕ್ಷೆಯಾಗಿತ್ತು, ಲಿವರ್ ಕೆಡುವ ಲಕ್ಷಣ ಕಂಡಿರಲಿಲ್ಲ. ವಾರಗಳು ಕಳೆದಂತೆ ಏಳು ಜನರ ಲಿವರ್ ಕೈಕೊಟ್ಟಿತು. ಐವರು ತೀರಿಕೊಂಡರು, ಇಬ್ಬರು ಲಿವರ್ ಕಸಿಯಿಂದ ಉಳಿದರು. ಔಷಧಿ ಜೀವಕೋಶದ ಮೈಟೊಕಾಂಡ್ರಿಯಗಳನ್ನು ನಿಧಾನವಾಗಿ ಹಾಳುಮಾಡುತ್ತಿತ್ತು. ಆಮೇಲೆ ಅದೇ ಔಷಧಿಯನ್ನು ವುಡ್‌ಚಕ್‌ಗಳಿಗೆ ವಾರಗಟ್ಟಲೆ ಕೊಟ್ಟು ನೋಡಿದರು. ಮೊದಲ ಕೆಲವು ವಾರ ಏನೂ ಕಾಣಲಿಲ್ಲ, ಆರೇಳು ವಾರ ದಾಟಿದ ಮೇಲೆ ಅವೂ ಮನುಷ್ಯರ ಹಾಗೆಯೇ ಕೆಟ್ಟವು. ಇದು 1998ರಲ್ಲಿ ಪ್ರಕಟವಾಯಿತು. ಕಿರುನೆಲ್ಲಿಯ ವಿಷಯದಲ್ಲಿ ನಮ್ಮಲ್ಲಿ ಅತಿಯಾದ ಆಸೆ ಹುಟ್ಟಿಸಿದ ಪ್ರಾಣಿ, ಮೊದಲೇ ಕೇಳಿದ್ದರೆ ಈ ಐವರನ್ನು ಉಳಿಸುವ ಎಚ್ಚರಿಕೆ ಕೊಡಬಹುದಿತ್ತು. ಯಾವ ಪ್ರಾಣಿ, ಎಷ್ಟು ದಿನ ಎಂಬ ಎರಡು ನಿರ್ಧಾರಗಳ ಮೇಲೆ ಇಷ್ಟೆಲ್ಲ ನಿಂತಿತ್ತು.

ಒಂದು ದೇಹಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷವಾಗುವುದನ್ನು ಅರಿಯಲು ನಾವು ದೂರ ಹೋಗಬೇಕಿಲ್ಲ. ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಅಭಯಧಾಮವಾಯಿತು. ರಣಹದ್ದುಗಳಿಗೆ ಅಭಯ ಬೇಕಾದದ್ದು ಒಂದು ನೋವಿನ ಔಷಧಿಯಿಂದ. ಡೈಕ್ಲೋಫೆನಾಕ್ ದನಗಳಿಗೆ ನೋವು ಕಳೆಯುವ ಒಳ್ಳೆಯ ಮದ್ದಾಗಿತ್ತು. ಅದನ್ನು ಪಡೆದ ದನ ಸತ್ತು, ಆ ಮಾಂಸ ತಿಂದ ರಣಹದ್ದಿನ ಕಿಡ್ನಿ ನಿಂತುಹೋಗುತ್ತಿತ್ತು. ಒಳಾಂಗಗಳ ಮೇಲೆ ಯೂರಿಕ್ ಆಮ್ಲದ ಬಿಳಿ ಪದರ ಕೂರುತ್ತಿತ್ತು. 2004ರಲ್ಲಿ ಕಾರಣ ತಿಳಿಯುವ ಹೊತ್ತಿಗೆ ಬಿಳಿಬೆನ್ನಿನ ರಣಹದ್ದು ದೇಶದಲ್ಲಿ ಅಳಿವಿನಂಚಿಗೆ ಬಂದಿತ್ತು. 2007ರ ಗಣತಿಯ ವೇಳೆಗೆ ನೂರಕ್ಕೆ 99ಕ್ಕೂ ಹೆಚ್ಚು ಪಾಲು ಇಲ್ಲವಾಗಿತ್ತು. 2006ರಲ್ಲಿ ಜಾನುವಾರುಗಳಿಗೆ ಡೈಕ್ಲೋಫೆನಾಕ್ ತಯಾರಿಕೆ ನಿಲ್ಲಿಸಲು ಸರ್ಕಾರ ಹೇಳಿತು. ಬದಲಿ ಮದ್ದಾದ ಮೆಲಾಕ್ಸಿಕಾಮನ್ನು ಪರೀಕ್ಷಿಸುವಾಗ ವಿಜ್ಞಾನಿಗಳು ಮೊದಲು ಆಫ್ರಿಕದ, ಆಗ ಅಷ್ಟು ಅಪರೂಪವಲ್ಲದ ಬಂಧು ರಣಹದ್ದುಗಳಿಗೆ ಕೊಟ್ಟು ನೋಡಿ, ಆಮೇಲಷ್ಟೇ ನಮ್ಮವಕ್ಕೆ ಕೊಟ್ಟರು. ಯಾರ ಒಳಿತಿಗಾಗಿ ಔಷಧಿಯೋ ಆ ಜೀವಿಯ ಅಂಗಾಂಗವನ್ನೇ, ಅದಕ್ಕೆ ನೋವಾಗದಂತೆ ಹೆಜ್ಜೆಹೆಜ್ಜೆಯಾಗಿ ಕೇಳಿದ ಪ್ರಯೋಗ ಅದು. ನಾನು ಓದಿದ ಪ್ರಾಣಿ ಪ್ರಯೋಗಗಳಲ್ಲಿ ನನಗೆ ಹೆಚ್ಚು ಒಪ್ಪಿತವಾದದ್ದು ಇದೇ.

ಪ್ರಾಣಿಯ ಕಡೆಯಿಂದ

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1960ರ ಕಾಯ್ದೆ ಬರಲು ಮುಖ್ಯ ಕಾರಣ ರಾಜ್ಯಸಭೆಯಲ್ಲಿದ್ದ ರುಕ್ಮಿಣಿದೇವಿ ಅರುಂಡೇಲ್, ಕಲಾಕ್ಷೇತ್ರವನ್ನು ಕಟ್ಟಿದ ನೃತ್ಯಗಾತಿ. ಪ್ರಾಣಿ ಪ್ರಯೋಗಗಳನ್ನು ಹತೋಟಿಯಲ್ಲಿಡಲು ಸಮಿತಿ ರಚಿಸಲು ಆ ಕಾಯ್ದೆಯೇ ಅವಕಾಶ ಕೊಟ್ಟಿತು. ಅದರಡಿ 1998ರಲ್ಲಿ ನಿಯಮಗಳು ಬಂದವು. ಇಂದು ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆಯಿಲ್ಲದೆ ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ಎಷ್ಟು ಪ್ರಾಣಿ, ಏಕೆ ಬೇಕು, ಬೇರೆ ದಾರಿ ಇಲ್ಲವೇ ಎಂದು ಬರೆದುಕೊಡಬೇಕು. ಈ ಪ್ರಶ್ನೆಗಳ ಮೂಲ 1959ರಲ್ಲಿ ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಮುಂದಿಟ್ಟ ಮೂರು ಸೂತ್ರಗಳಲ್ಲಿದೆ: ಸಾಧ್ಯವಾದಲ್ಲಿ ಪ್ರಾಣಿಯ ಬದಲು ಬೇರೆ ದಾರಿ, ಸಾಧ್ಯವಾದಷ್ಟು ಕಡಿಮೆ ಪ್ರಾಣಿ, ಸಾಧ್ಯವಾದಷ್ಟು ಕಡಿಮೆ ನೋವು.

ಈ ಮೂರರ ಜೊತೆಗೆ ಪ್ರಯೋಗದ ಗುಣಮಟ್ಟವನ್ನೂ ಸಮಿತಿಗಳು ಕೇಳಬೇಕು ಎಂಬುದು ನನ್ನ ಬಲವಾದ ನಂಬಿಕೆ. ಯಾವ ಇಲಿ ಯಾವ ಗುಂಪಿಗೆ ಎಂದು ಚೀಟಿಯೆತ್ತಿ ಹಂಚಿದ್ದಾರೆಯೇ? ಲಿವರಿನ ಸೀಳನ್ನು ನೋಡುವ ತಜ್ಞರಿಗೆ ಅದು ಯಾವ ಗುಂಪಿನದೆಂದು ತಿಳಿಯದಂತೆ ಮುಚ್ಚಿಟ್ಟಿದ್ದಾರೆಯೇ? ಗಿಡದ ಮಾದರಿಯನ್ನು ಗುರುತಿಸಿ ಜೋಪಾನ ಮಾಡಿದ್ದಾರೆಯೇ? ವಿಷ ಕೊಟ್ಟ ಮೇಲೆ ಔಷಧಿ ಕೊಡುವ ಗುಂಪು ಇದೆಯೇ? ಇವಿಲ್ಲದ ಪ್ರಯೋಗದಿಂದ ಬರುವ ಉತ್ತರ ಯಾರ ಕೆಲಸಕ್ಕೂ ಬಾರದು. ಮೂವತ್ತು ಇಲಿಗಳ ಜೀವ ಅದಕ್ಕೆ ಹೋಗಿರುತ್ತದೆ.

ಬೇರೆ ದಾರಿಗಳು ಈಗ ಕನಸಲ್ಲ. ಅಮೆರಿಕ 2022ರ ಕೊನೆಯಲ್ಲಿ, ಹೊಸ ಔಷಧಿಗೆ ಪ್ರಾಣಿ ಪರೀಕ್ಷೆ ಕಡ್ಡಾಯವೆಂಬ ಹಳೆಯ ಕಾನೂನಿನ ಮಾತನ್ನು ತೆಗೆದುಹಾಕಿತು. ಭಾರತ 2023ರ ಮಾರ್ಚ್‌ನಲ್ಲಿ ತನ್ನ ಔಷಧ ನಿಯಮಗಳನ್ನು ತಿದ್ದಿ ಮನುಷ್ಯರ ಜೀವಕೋಶಗಳಿಂದ ಮಾಡಿದ ಪರೀಕ್ಷೆಗಳಿಗೆ ಬಾಗಿಲು ತೆರೆಯಿತು. ಮನುಷ್ಯರ ಲಿವರಿನ ಜೀವಕೋಶಗಳನ್ನು ಬೆರಳುದ್ದದ ಚಿಪ್‌ನೊಳಗೆ ಬೆಳೆಸಿ, ರಕ್ತದಂತೆ ದ್ರವ ಹರಿಸಿ ಔಷಧಿ ಪರೀಕ್ಷಿಸುವ ತಂತ್ರ ಬಂದಿದೆ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಂಥ 870 ಚಿಪ್‌ಗಳಲ್ಲಿ 27 ಔಷಧಿಗಳನ್ನು ನೋಡಿತು. ಪ್ರಾಣಿ ಪರೀಕ್ಷೆಯಲ್ಲಿ ಪಾಸಾಗಿ ಮನುಷ್ಯರ ಲಿವರ್ ಕೆಡಿಸಿದ್ದ ಔಷಧಿಗಳಲ್ಲಿ ನೂರಕ್ಕೆ 87ರಷ್ಟನ್ನು ಚಿಪ್ ಪತ್ತೆ ಹಚ್ಚಿತು, ನಿರಪಾಯದವನ್ನು ತಪ್ಪಾಗಿ ದೂರಲಿಲ್ಲ. ಚಿಪ್‌ಗೆ ಕರುಳಿಲ್ಲ, ಇಡೀ ದೇಹದ ರೋಗನಿರೋಧಕ ವ್ಯವಸ್ಥೆಯಿಲ್ಲ. ಅಮೃತಬಳ್ಳಿಯಿಂದ ಆಯಿತೆನ್ನುವ ಬಗೆಯ ಕಾಯಿಲೆ ಅದರಲ್ಲೂ ಕಾಣಿಸಲಾರದು. ಅಲ್ಲಿಗೆ ರೋಗಿಗಳಿಂದಲೇ ಮಾಹಿತಿ ಬರಬೇಕು. ಕಾಮಾಲೆಯೆಂದು ಬಂದವರನ್ನು ಬೇರೆ ಏನು ಕುಡಿಯುತ್ತಿದ್ದೀರಿ ಎಂದು ವೈದ್ಯರು ಗದರದೆ ಕೇಳಿದರೆ ಜನ ಹೇಳುತ್ತಾರೆ. ಗದರಿದರೆ ಕಷಾಯದ ಮಾತು ಬಾಯಿ ಬಿಡುವುದಿಲ್ಲ, ಕಾರಣ ಪತ್ತೆಯಾಗುವುದಿಲ್ಲ, ಮನೆಯ ಇನ್ನೊಬ್ಬರು ಅದನ್ನೇ ಕುಡಿಯುತ್ತಿರುತ್ತಾರೆ.

ಈಗ ಆಗಬಹುದಾದ ಕೆಲಸವೊಂದಿದೆ, ದೊಡ್ಡ ಹಣವೂ ಬೇಡ. ರಾಜ್ಯದ ಫಾರ್ಮಸಿ, ಆಯುರ್ವೇದ, ಪಶುವೈದ್ಯ ಕಾಲೇಜುಗಳಲ್ಲಿ ದಶಕಗಳಿಂದ ನಡೆದ ಪ್ರಾಣಿ ಪ್ರಯೋಗಗಳ ಪೂರ್ಣ ಅಂಕಿಅಂಶಗಳನ್ನು, ಫಲ ಬಾರದೆ ಮೂಲೆಗಿಟ್ಟವನ್ನೂ ಸೇರಿಸಿ, ಒಂದೇ ಕಡೆ ಎಲ್ಲರಿಗೂ ಓದಲು ಸಿಗುವಂತೆ ಇಡುವುದು. ಯಾವ ಗಿಡ, ಯಾವ ಊರಿನದು, ಯಾವ ದ್ರಾವಕ, ಯಾವ ಡೋಸ್, ಎಷ್ಟು ಇಲಿ, ಎಷ್ಟು ಸತ್ತವು, ಪ್ರತಿ ಇಲಿಯ ಎಸ್‌ಜಿಪಿಟಿ ಎಷ್ಟು, ಸೀಳಿನ ಚಿತ್ರ ಹೇಗಿತ್ತು. ಹೊಸ ವಿದ್ಯಾರ್ಥಿ ವಿಷಯ ಆರಿಸಿಕೊಳ್ಳುವ ಮುನ್ನ, ಮಾರ್ಗದರ್ಶಕರು ಸಹಿ ಹಾಕುವ ಮುನ್ನ, ನೈತಿಕ ಸಮಿತಿ ಒಪ್ಪಿಗೆ ಕೊಡುವ ಮುನ್ನ ಅದನ್ನು ತೆರೆದು ನೋಡುವುದು ಕಡ್ಡಾಯವಾಗಲಿ. ಅದೇ ಗಿಡ, ಅದೇ ವಿಷ, ಅದೇ ಡೋಸ್ ಆಗಲೇ ಅಲ್ಲಿದ್ದರೆ ಆ ಅರ್ಜಿಯನ್ನು ಹಿಂದಕ್ಕೆ ಕಳಿಸಬಹುದು.